ಹೆಸರು ಬಂದ ಮೇಲಿನ ಹೊಣೆ

ಏಳನೆಯ ಶತಮಾನದ ಫ್ರಾನ್ಸ್ ನಾಡಿನಲ್ಲಿ ಎಲಿಜಿಯುಸ್ ಎಂಬ ಅಕ್ಕಸಾಲಿಗರಿದ್ದರು. ಅರಸ ಎರಡನೆಯ ಕ್ಲೋಟಾರನು ಒಂದು ಸಿಂಹಾಸನಕ್ಕೆಂದು ಚಿನ್ನ, ರತ್ನಗಳನ್ನು ಅವರಿಗೆ ಒಪ್ಪಿಸಿದನು. ಅಷ್ಟರಲ್ಲೇ ಅವರು ಎರಡು ಸಿಂಹಾಸನಗಳನ್ನು ಮಾಡಿ ತಂದೊಪ್ಪಿಸಿದರೆಂದು ಅವರ ಚರಿತ್ರೆ ಹೇಳುತ್ತದೆ. ಉಳಿದ ಚಿನ್ನವನ್ನು ಬಚ್ಚಿಡದ ಆ ಪ್ರಾಮಾಣಿಕತೆಯೇ ಅವರಿಗೆ ಜಾಹೀರಾತಾಯಿತು. ಅರಮನೆಯಲ್ಲಿ ಗಳಿಸಿದ ಹಣದಿಂದ ಗುಲಾಮರನ್ನು ಬಿಡಿಸಿದ ಅವರು, ಮುಂದೆ ನ್ವಾಯೋನಿನ ಬಿಷಪರಾದರು. ಇಂದು ಅವರು ಅಕ್ಕಸಾಲಿಗರ ಪಾಲಕ ಸಂತರು. ಅವರ ಸ್ಮರಣೆ ಡಿಸೆಂಬರ್ 1ರಂದು.

ನಂಜನಗೂಡು, ತಿ. ನರಸೀಪುರದ ನಮ್ಮ ಕುಟುಂಬಗಳಿಗೂ ಈ ಪ್ರಸಂಗ ಸಲ್ಲುತ್ತದೆ. ಆಭರಣ ವಿನ್ಯಾಸ ಕಲಿತ ಮಗಳಿಗೋ ಮಗನಿಗೋ ಒಂದು ದಿನ ಪ್ರದರ್ಶನದಲ್ಲಿ ಬಹುಮಾನವೋ ಹೆಸರಾಂತ ಮಳಿಗೆಯ ಬೇಡಿಕೆಯೋ ದೊರೆಯಿತೆನ್ನಿ. 'ಸಾಲ ಮಾಡಿಯಾದರೂ ಪ್ರಚಾರ ಮಾಡು' ಎನ್ನುವವರು ಕೆಲವರು. 'ಹೇಳಿಕೊಳ್ಳುವುದು ಅಹಂಕಾರ, ಸುಮ್ಮನಿರು' ಎನ್ನುವವರು ಕೆಲವರು.

ಸಂತ ಥಾಮಸ್ ಅಕ್ವಿನಾಸರು ಅರಿಸ್ಟಾಟಲನನ್ನು ಅನುಸರಿಸಿ, ಇದ್ದುದಕ್ಕಿಂತ ಹೆಚ್ಚು ಹೇಳಿಕೊಳ್ಳುವ ಬಡಾಯಿಯನ್ನೂ ಇದ್ದುದನ್ನು ಇಲ್ಲವೆನ್ನುವ ಸೋಗನ್ನೂ ಸತ್ಯಕ್ಕೆ ವಿರುದ್ಧವಾದ ದೋಷಗಳೆಂದೇ ಎಣಿಸಿದರು. ಇವೆರಡರ ನಡುವೆ ನಿಲ್ಲುವ ಸದ್ಗುಣವೇ ಸತ್ಯವಂತಿಕೆ. ಇದ್ದುದನ್ನು ಇದ್ದಂತೆ ತಿಳಿಸುವ ಪ್ರಚಾರ ಪಾಪವಲ್ಲ. ಹಚ್ಚಿದ ದೀಪವನ್ನು ಮುಚ್ಚಿಡಬಾರದೆಂದು ಪ್ರಭು ಯೇಸುವೇ ಬೋಧಿಸಿದ್ದಾರೆ.

ಹಾಗಾದರೆ ಮಾಡಬೇಕಾದುದೇನು? ಮೊದಲನೆಯದಾಗಿ, ಹೊಸ ವಿನ್ಯಾಸವನ್ನು ಲೋಕಕ್ಕೆ ತೋರಿಸುವ ಮುನ್ನವೇ 2000ನೇ ಇಸವಿಯ ವಿನ್ಯಾಸ ಕಾಯಿದೆಯಡಿ ನೋಂದಣಿಗೆ ಅರ್ಜಿ ಸಲ್ಲಿಸಬೇಕು. ಜಾಲತಾಣದಲ್ಲಿ ಹಾಕಿದ ಚಿತ್ರದಿಂದಲೂ ವಿನ್ಯಾಸ ಬಹಿರಂಗವಾಗಿ, ಅದರ ಹೊಸತನ ಕಳೆದುಹೋಗಬಹುದು. ನೋಂದಣಿಯಾದರೆ 10 ವರ್ಷ, ನವೀಕರಿಸಿದರೆ ಇನ್ನೂ 5 ವರ್ಷ ರಕ್ಷಣೆ ಉಂಟು. ಎರಡನೆಯದು ಶುದ್ಧತೆ. ಹಾಲ್‌ಮಾರ್ಕ್ ಹೊಂದಿದ ಚಿನ್ನದ ಒಡವೆಯನ್ನು 2023ರ ಏಪ್ರಿಲ್ 1ರಿಂದ ಆರು ಅಕ್ಷರಾಂಕಿಗಳ ಗುರುತಿಲ್ಲದೆ ಮಾರುವಂತಿಲ್ಲ. ಈ ಪುಟ್ಟ ಗುರುತು ದೊಡ್ಡ ಫಲಕಕ್ಕಿಂತ ಹೆಚ್ಚು ನಂಬಿಕೆ ತರುತ್ತದೆ. ಮೂರನೆಯದಾಗಿ, ಬಹುಮಾನದ ಸುದ್ದಿ ಹಳತಾಗುವ ಮುನ್ನ ನಾಲ್ಕಾರು ಒಡವೆಗಳ ಸ್ಪಷ್ಟ ಚಿತ್ರ, ಬೆಲೆ, ಮಾಡಿಕೊಡಲು ಹಿಡಿಯುವ ದಿನಗಳನ್ನು ಬರೆದು ಸಿದ್ಧವಾಗಿರಿಸಬೇಕು. ಇದಕ್ಕೆ ಸಾಲ ಬೇಕಿಲ್ಲ.

ಹೆಸರಿಗೆ ತಕ್ಕಷ್ಟು ಸರಕು ಇಲ್ಲದಿದ್ದರೆ ಏನಾಗುವುದೆಂಬುದನ್ನು ನಮ್ಮೂರೇ ಬಲ್ಲದು. ನಂಜನಗೂಡಿನ ರಸಬಾಳೆಗೆ ಭೌಗೋಳಿಕ ಸೂಚಿಯ ಮಾನ್ಯತೆ ಬರುವ ಹೊತ್ತಿಗೆ, ಪನಾಮ ಸೊರಗು ರೋಗದಿಂದ ತೋಟಗಳೇ ವಿರಳವಾಗಿದ್ದವು. ಹೆಸರು ಊರೂರಿಗೆ ಹಬ್ಬಿತ್ತು, ಹಣ್ಣು ಕೈಗೆ ಸಿಗುತ್ತಿರಲಿಲ್ಲ. ಒಪ್ಪಿಕೊಂಡ ಹತ್ತು ಒಡವೆಗಳನ್ನು ಹೇಳಿದ ದಿನಕ್ಕೆ ಮುಗಿಸಿಕೊಡುವುದು ನೂರು ಹೊಗಳಿಕೆಗಿಂತ ಮೇಲು.

ವಿಮೋಚನಾಕಾಂಡದ ಬೆಸಲೇಲನಿಗೆ ದೇವರು ಚಿನ್ನದ ಕೆಲಸದ ಜಾಣ್ಮೆಯನ್ನಷ್ಟೇ ಅಲ್ಲ, ಜೊತೆಗಾರನನ್ನೂ ಇತರರಿಗೆ ಕಲಿಸುವ ಸಾಮರ್ಥ್ಯವನ್ನೂ ಕೊಟ್ಟರು. ಹರಳು ಕೂರಿಸಿದವರ, ಮೆರುಗು ಕೊಟ್ಟವರ ಹೆಸರುಗಳನ್ನು ನಿಮ್ಮ ಹೆಸರಿನ ಜೊತೆಗೇ ಹೇಳಿರಿ. ಹೆತ್ತವರೇ, 'ಎಷ್ಟು ಬಂತು?' ಎಂದು ಮಕ್ಕಳನ್ನು ಕೇಳುವ ಮುನ್ನ 'ಯಾರಿಗೆ ಕಲಿಸಿದೆ?' ಎಂದು ಕೇಳಿರಿ. ದೊರೆತ ಹೆಸರು ಇನ್ನೊಂದು ಬಡ ಮನೆಯ ಒಲೆ ಹೊತ್ತಿಸಿದರೆ, ಅದೇ ದೇವರು ಮೆಚ್ಚುವ ಪ್ರಚಾರ.