ಇಲಿಮರಿಯ ಮೊದಲ ಮೂರು ವಾರ

ಆಗ ತಾನೇ ಹುಟ್ಟಿದ ಮನೆ ಇಲಿಯ ಮರಿ ತೂಗುವುದು ಒಂದು ಗ್ರಾಂ ಆಸುಪಾಸು. ಮೈಮೇಲೆ ಕೂದಲಿಲ್ಲ, ಕಣ್ಣು ಬಿಡಲು ಎರಡು ವಾರ ಬೇಕು. ಅಲ್ಲಿಯವರೆಗೆ ಅದರ ಪಾಲಿಗೆ ಲೋಕವೆಂದರೆ ತಾಯಿಯ ಬಿಸುಪು, ಒಡಹುಟ್ಟುಗಳ ಒತ್ತು, ಗೂಡಿನ ವಾಸನೆ. ಸುಮಾರು 21 ದಿನಕ್ಕೆ ಹಾಲು ಬಿಡುತ್ತದೆ. ಬೆಳೆದ ಮೇಲೆ ಯಾರನ್ನು ಸೇರಬೇಕು, ಯಾರಿಂದ ದೂರವಿರಬೇಕು ಎಂಬುದರಲ್ಲಿ ಒಂದಷ್ಟು ಅಷ್ಟರೊಳಗೇ ತೀರ್ಮಾನವಾಗಿರುತ್ತದೆ.

ರೋಗನಿರೋಧಕ ಶಕ್ತಿಗೆ ಸಂಬಂಧಿಸಿದ ಜೀನುಗಳು ಇಲಿಯ ಮೂತ್ರದ ವಾಸನೆಯನ್ನೂ ಬದಲಿಸುತ್ತವೆ. ಪ್ರಯೋಗಾಲಯದ ಗಂಡಿಲಿಗಳು ಸಾಮಾನ್ಯವಾಗಿ ತಮಗಿಂತ ಬೇರೆ ವಾಸನೆಯ ಹೆಣ್ಣನ್ನೇ ಬಯಸುತ್ತವೆ. ಇದು ರಕ್ತದಲ್ಲೇ ಬಂದ ಗುಣವೆನ್ನುವುದು ಸುಲಭ. ಆದರೆ ಅಮೆರಿಕದ ಯಾಮಜಾಕಿ ಮತ್ತು ಸಂಗಡಿಗರು 1988ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಬೇರೆ ಬಗೆಯ ಜೀನುಳ್ಳ ಸಾಕುತಾಯಿಯ ಮಡಿಲಲ್ಲಿ ಬೆಳೆದ ಗಂಡುಮರಿಗಳ ಆಯ್ಕೆ ತಿರುವುಮುರುವಾಯಿತು. ಅವು ದೂರವಿಟ್ಟದ್ದು ಹೆತ್ತವರ ವಾಸನೆಯನ್ನಲ್ಲ, ಸಾಕಿದವರ ವಾಸನೆಯನ್ನು.

ಗೂಡಿನಲ್ಲಿ ಎಷ್ಟು ಜನ ಇದ್ದರೆಂಬುದೂ ಲೆಕ್ಕಕ್ಕೆ ಬರುತ್ತದೆ. ಹೆಣ್ಣಿಲಿಗಳು ಒಂದೇ ಗೂಡಿನಲ್ಲಿ ಹೆತ್ತು, ಒಬ್ಬರ ಮರಿಗೆ ಇನ್ನೊಬ್ಬರು ಹಾಲೂಡಿಸುವುದುಂಟು. ರೋಮ್‌ನ ಇಗೋರ್ ಬ್ರಾಂಕಿ ತಂಡ ಮೂರು ತಾಯಂದಿರ ಇಂಥ ಕೂಡುಗೂಡಿನಲ್ಲಿ ಮರಿಗಳನ್ನು ಬೆಳೆಸಿತು. ದೊಡ್ಡವಾದಾಗ ಅವು ಹೊಸಬರೊಡನೆ ಹೆಚ್ಚು ಬೆರೆತವು. ಮೇಲುಗೈ ಯಾರದು, ತಗ್ಗುವವರು ಯಾರು ಎಂಬುದನ್ನೂ ಬೇಗ ಇತ್ಯರ್ಥ ಮಾಡಿಕೊಂಡವು. ತುಂಬಿದ ಮನೆಯ ಮಕ್ಕಳನ್ನು ಕಂಡವರಿಗೆ ಇದು ಹೊಸದೇನಲ್ಲ.

ಹಾಲು ಬಿಟ್ಟ ಮೇಲೂ ಕೆಲವು ದಿನ ನಾಜೂಕಿನವು. 21ರಿಂದ 35ನೇ ದಿನದವರೆಗೆ ಒಂಟಿಯಾಗಿಟ್ಟ ಮರಿಗಳನ್ನು ಆಮೇಲೆ ಗುಂಪಿಗೆ ಬಿಟ್ಟರೂ ಅವು ಸರಿಯಾಗಿ ಬೆರೆಯಲಿಲ್ಲ. ಮಿದುಳಿನ ಮುಂಭಾಗದ ನರತಂತುಗಳ ಹೊದಿಕೆ ತೆಳುವಾಗಿಯೇ ಉಳಿಯಿತು. ಹಾರ್ವರ್ಡ್‌ನ ಈ ಅಧ್ಯಯನ 2012ರದ್ದು.

ಇವೆಲ್ಲ ಪಂಜರದ ಇಲಿಗಳ ಮಾತು. ನಮ್ಮ ಹೊಲಗದ್ದೆಗಳ ಪುಟ್ಟ ಇಲಿ ಮಸ್ ಬೂಡುಗ. ಅದರ ಮರಿಗಳನ್ನು ಮಧುರೈನಲ್ಲಿ ಪರೀಕ್ಷಿಸಿದ ವಿಶ್ವನಾಥನ್ ಮತ್ತು ಎಂ.ಕೆ. ಚಂದ್ರಶೇಖರನ್ 1985ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ವರದಿ ಮಾಡಿದರು. ಬೆಳಕಿನ ಏರಿಳಿತವಿಲ್ಲದ ಕೋಣೆಯಲ್ಲಿ ತಾಯಿಯನ್ನು 12 ಗಂಟೆ ಜೊತೆಗಿಟ್ಟು, 12 ಗಂಟೆ ದೂರವಿಟ್ಟರು. ತಾಯಿ ಇದ್ದ ಹೊತ್ತು ಮರಿಗಳಿಗೆ ಹಗಲು, ಇಲ್ಲದ ಹೊತ್ತು ರಾತ್ರಿ. ಅವುಗಳ ದೇಹದ ಗಡಿಯಾರ ಆ ಲಯಕ್ಕೇ ಹೊಂದಿಕೊಂಡಿತು.

ಮಂಡ್ಯ ಸೀಮೆಯ ಬದುಗಳಲ್ಲಿ ಇಂಥ ಹೊಲದ ಇಲಿಯ ಗೂಡು ಎಷ್ಟು ದಿನ ಉಳಿದೀತೆಂಬುದು ಬೆಳೆಯ ಮೇಲೂ ನಿಂತಿದೆ. ಶ್ರೀರಂಗಪಟ್ಟಣ, ಪಾಂಡವಪುರದ ನಾಲೆಬಯಲಿನ ಭತ್ತ ನಾಲ್ಕೈದು ತಿಂಗಳಿಗೆ ಕಟಾವಾದರೆ, ಕಬ್ಬು ವರ್ಷದ ಹತ್ತಿರ ನಿಲ್ಲುತ್ತದೆ. ಸನಿಕೆ ಬದುವಿಗೆ ತಾಗಿದರೆ ತಾಯಿ ಮರಿಗಳನ್ನು ಒಂದೊಂದಾಗಿ ಬಾಯಲ್ಲಿ ಕಚ್ಚಿಕೊಂಡು ಬೇರೆ ಬಿಲ ಹುಡುಕಬೇಕು.