‘ಇಂಥ ಊರು ಎಲ್ಲಾದರೂ ಇದೆಯೇ?’: ‘ಬಿಗ್ ಈಡನ್’ ಸಿನಿಮಾ ನೋಡಿದವರ ದೂರು ಎಷ್ಟು ಸರಿ?

ಒಂದೇ ಸಿನಿಮಾವನ್ನು ಒಬ್ಬರು ಹೊಗಳುವುದು, ಇನ್ನೊಬ್ಬರು ತೆಗಳುವುದು ಹೊಸದಲ್ಲ. ‘ಬಿಗ್ ಈಡನ್’ ಎಂಬ ಅಮೆರಿಕದ ಸಣ್ಣ ಬಜೆಟ್ ಚಿತ್ರದ ವಿಷಯದಲ್ಲಿ ತಮಾಷೆ ಏನೆಂದರೆ, ಹೊಗಳುವವರೂ ತೆಗಳುವವರೂ ಕೊಡುವ ಕಾರಣ ಒಂದೇ. ಇಂಥ ಊರು ಎಲ್ಲೂ ಇರಲಿಕ್ಕಿಲ್ಲ ಎಂಬುದು ಆ ಕಾರಣ. ಒಬ್ಬರು ಇದನ್ನು ಬೇಸರದಿಂದ ಹೇಳುತ್ತಾರೆ, ಇನ್ನೊಬ್ಬರು ಆಸೆಯಿಂದ ಹೇಳುತ್ತಾರೆ, ಅಷ್ಟೇ ವ್ಯತ್ಯಾಸ.

ಹಾಗಾದರೆ ಈ ಮಾತು ನಿಜವೇ? ನಿಜವಾದರೆ ಚಿತ್ರ ಸುಳ್ಳು ಹೇಳುತ್ತಿದೆಯೇ? ಮೊದಲು ಕತೆ ನೋಡೋಣ.

ಥಾಮಸ್ ಬೆಜೂಕಾ ಬರೆದು ನಿರ್ದೇಶಿಸಿದ ಈ ಚಿತ್ರ ಚಿತ್ರೋತ್ಸವಗಳಲ್ಲಿ ತೆರೆ ಕಂಡಿದ್ದು 2000ರಲ್ಲಿ. ನ್ಯೂಯಾರ್ಕ್‌ನಲ್ಲಿ ಚಿತ್ರಕಲಾವಿದನಾಗಿರುವ ಹೆನ್ರಿ ಹಾರ್ಟ್‌ಗೆ ಅವನನ್ನು ಸಾಕಿದ ತಾತ ಸ್ಯಾಮ್‌ಗೆ ಪಾರ್ಶ್ವವಾಯು ಬಡಿದ ಸುದ್ದಿ ಬರುತ್ತದೆ. ಅವನು ಮೊಂಟಾನಾ ರಾಜ್ಯದ ಬೆಟ್ಟದ ಮಡಿಲಲ್ಲಿರುವ ತನ್ನ ಊರಿಗೆ ಮರಳುತ್ತಾನೆ. ಹೈಸ್ಕೂಲ್ ದಿನಗಳಲ್ಲಿ ಮನಸ್ಸಿನಲ್ಲೇ ಪ್ರೀತಿಸಿದ್ದ ಗೆಳೆಯ ಡೀನ್ ಕೂಡ ಮದುವೆ ಮುರಿದು ಇಬ್ಬರು ಗಂಡುಮಕ್ಕಳೊಂದಿಗೆ ಅದೇ ಊರಿಗೆ ಬಂದಿರುತ್ತಾನೆ. ಹೆನ್ರಿಯ ಕಣ್ಣೆಲ್ಲ ಅವನ ಮೇಲೆ. ಊರಿನ ಅಂಗಡಿ ಮಾಲೀಕ ಪೈಕ್ ಮಾತ್ರ ಯಾರ ಗಮನಕ್ಕೂ ಬಾರದಂತೆ ಹೆನ್ರಿಯನ್ನು ಪ್ರೀತಿಸತೊಡಗುತ್ತಾನೆ. ಪೈಕ್ ವಿಪರೀತ ನಾಚಿಕೆಯ ಮನುಷ್ಯ, ನಾಲ್ಕು ಮಾತು ಆಡುವುದೂ ಕಷ್ಟ. ತಾತ ಮೊಮ್ಮಗನಿಗೆ ಊಟ ತಲುಪಿಸುವ ಜವಾಬ್ದಾರಿ ಅವನ ಮೇಲೆ ಬಿದ್ದಾಗ, ಪುಸ್ತಕ ನೋಡಿ ಒಳ್ಳೊಳ್ಳೆಯ ಅಡುಗೆ ಕಲಿತು, ತಾನೇ ಮಾಡಿದ್ದೆಂದು ಹೇಳದೆ ಕೊಟ್ಟು ಬರುತ್ತಾನೆ.

ಊರವರಿಗೆ ಎಲ್ಲವೂ ಗೊತ್ತು. ಅಂಗಡಿಯ ಮುಂದೆ ಹರಟೆ ಹೊಡೆಯುವ ಮುದುಕರೂ ಈ ಇಬ್ಬರನ್ನು ಜೊತೆಗೂಡಿಸಲು ಸಂಚು ಹೂಡುತ್ತಾರೆ. ಯಾರೂ ಬೈಯುವುದಿಲ್ಲ, ಹೊಡೆಯುವುದಿಲ್ಲ, ಧರ್ಮದ ಹೆಸರು ಎತ್ತುವುದಿಲ್ಲ. ಕೊನೆಗೆ ಇಬ್ಬರೂ ಒಂದಾಗುತ್ತಾರೆ.

ದೂರು ಹೇಳುವವರ ಪರ ಒಂದು ಮಾತು

‘ಇದು ಕಟ್ಟುಕತೆ’ ಎನ್ನುವವರನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಈ ಚಿತ್ರ ಬಂದ ಕಾಲವನ್ನು ನೆನಪಿಸಿಕೊಳ್ಳಿ. ಮೊಂಟಾನಾದ ದಕ್ಷಿಣಕ್ಕೆ ಅಂಟಿಕೊಂಡಿರುವ ವಯೋಮಿಂಗ್ ರಾಜ್ಯದಲ್ಲಿ, 1998ರ ಅಕ್ಟೋಬರ್‌ನಲ್ಲಿ ಮ್ಯಾಥ್ಯೂ ಶೆಪರ್ಡ್ ಎಂಬ 21 ವರ್ಷದ ಸಲಿಂಗಿ ವಿದ್ಯಾರ್ಥಿಯನ್ನು ಬಡಿದು ಬೇಲಿಗೆ ಕಟ್ಟಿ ಹೋಗಿದ್ದರು. ಆತ ಆಸ್ಪತ್ರೆಯಲ್ಲಿ ತೀರಿಕೊಂಡ. ಮೊಂಟಾನಾದಲ್ಲೇ ಸಲಿಂಗ ಸಂಬಂಧವನ್ನು ಅಪರಾಧ ಎನ್ನುತ್ತಿದ್ದ ಕಾನೂನನ್ನು ರಾಜ್ಯದ ಸುಪ್ರೀಂ ಕೋರ್ಟ್ 1997ರಲ್ಲಿ ಅಮಾನ್ಯ ಮಾಡಿದರೂ, ಆ ಸಾಲುಗಳು ಕಾನೂನು ಪುಸ್ತಕದಿಂದ ಹೋದದ್ದು 2013ರಲ್ಲಿ. ಇಡೀ ಅಮೆರಿಕದಲ್ಲಿ ಇಂಥ ಕಾನೂನುಗಳು ಬಿದ್ದುಹೋದದ್ದೂ ಈ ಚಿತ್ರ ಬಂದ ಮೂರು ವರ್ಷಗಳ ಮೇಲೆ, 2003ರಲ್ಲಿ.

ಅಂದರೆ ಲೆಕ್ಕಾಚಾರದಲ್ಲಿ ದೂರು ಸರಿಯೇ ಇದೆ. ಅಂಥ ಪ್ರದೇಶದ ಸಣ್ಣ ಊರಲ್ಲಿ ಬೆಳೆದು ಪೆಟ್ಟು ತಿಂದವರಿಗೆ ಈ ಚಿತ್ರ ತಮ್ಮ ಅನುಭವವನ್ನೇ ಅಳಿಸಿ ಹಾಕಿದಂತೆ ಕಾಣಬಹುದು. ನಮಗೂ ಮೊದಲ ಸಲ ನೋಡಿದಾಗ ಅರ್ಧ ಗಂಟೆಯಲ್ಲಿ ‘ಸಕ್ಕರೆ ಜಾಸ್ತಿಯಾಯಿತು’ ಅನಿಸಿತ್ತು.

ಆದರೆ ಒಂದು ಪ್ರಶ್ನೆ. ಒಬ್ಬ ನಾಯಕ ಇಪ್ಪತ್ತು ಜನರನ್ನು ಹೊಡೆದು, ಅಂಗಿಯ ಇಸ್ತ್ರಿ ಮಾಸದಂತೆ ನಡೆದು ಬಂದರೆ ನಾವು ಶಿಳ್ಳೆ ಹಾಕುತ್ತೇವೆ. ಬಡ ಹುಡುಗ, ಶ್ರೀಮಂತ ಹುಡುಗಿ, ಕ್ಲೈಮ್ಯಾಕ್ಸ್‌ನಲ್ಲಿ ಅಪ್ಪ ಮನಸ್ಸು ಬದಲಾಯಿಸಿದರೆ ಕಣ್ಣೊರೆಸಿಕೊಂಡು ಎದ್ದು ಬರುತ್ತೇವೆ. ಅಲ್ಲಿ ಯಾರೂ ‘ಇದು ವಾಸ್ತವವೇ?’ ಎಂದು ಕೇಳುವುದಿಲ್ಲ. ಆ ಪರೀಕ್ಷೆ ಇಬ್ಬರು ಗಂಡಸರ ಪ್ರೇಮಕತೆಗೆ ಮಾತ್ರ ಏಕೆ?

ಇದಕ್ಕೆ ಒಂದು ಕಾರಣ ಅಭ್ಯಾಸ. 1934ರಿಂದ 1968ರವರೆಗೆ ಹಾಲಿವುಡ್‌ನಲ್ಲಿ ‘ಹೇಸ್ ಕೋಡ್’ ಎಂಬ ನಿಯಮಾವಳಿ ಜಾರಿಯಲ್ಲಿತ್ತು. ಸಲಿಂಗ ಪ್ರೇಮವನ್ನು ತೋರಿಸುವಂತಿರಲಿಲ್ಲ. 1961ರಲ್ಲಿ ನಿಯಮ ಸ್ವಲ್ಪ ಸಡಿಲವಾಯಿತು. ಅದೇ ವರ್ಷ ಬಂದ ‘ದಿ ಚಿಲ್ಡ್ರನ್ಸ್ ಅವರ್’ ಚಿತ್ರದಲ್ಲಿ ಗೆಳತಿಯನ್ನು ಪ್ರೀತಿಸಿದ ಶಿಕ್ಷಕಿ ಆತ್ಮಹತ್ಯೆ ಮಾಡಿಕೊಳ್ಳುತ್ತಾಳೆ. ಮುಂದಿನ ದಶಕಗಳಲ್ಲೂ ಇಂಥ ಪಾತ್ರ ಕಂಡರೆ ಕೊನೆಯಲ್ಲಿ ಸಾವು ಎಂದು ಪ್ರೇಕ್ಷಕರು ಊಹಿಸುವಷ್ಟು ಇದು ರೂಢಿಯಾಯಿತು. ಅಮೆರಿಕದ ವೀಟೊ ರುಸ್ಸೊ ‘ದಿ ಸೆಲ್ಯುಲಾಯ್ಡ್ ಕ್ಲಾಸೆಟ್’ ಪುಸ್ತಕದಲ್ಲಿ ಹೀಗೆ ತೆರೆಯ ಮೇಲೆ ಸತ್ತ ಪಾತ್ರಗಳ ಪಟ್ಟಿಯನ್ನೇ ಮಾಡಿದ್ದಾರೆ. ಅಷ್ಟು ಕಾಲ ದುಃಖವನ್ನೇ ನೋಡಿದ ಕಣ್ಣಿಗೆ ದುಃಖವೇ ವಾಸ್ತವ, ಸುಖ ಸುಳ್ಳು ಅನಿಸಿದರೆ ಆಶ್ಚರ್ಯವಿಲ್ಲ.

ಚಿತ್ರದಲ್ಲಿ ನಿಜ ಇರುವುದು ಎಲ್ಲಿ?

‘ಸಂಘರ್ಷವೇ ಇಲ್ಲ’ ಎನ್ನುವುದು ಇನ್ನೊಂದು ದೂರು. ಇದನ್ನು ನಾವು ಒಪ್ಪುವುದಿಲ್ಲ. ಸಂಘರ್ಷ ಇದೆ, ಆದರೆ ಊರಿನಲ್ಲಿಲ್ಲ, ಹೆನ್ರಿಯ ಒಳಗಿದೆ. ತಾತನಿಗೆ ವಿಷಯ ಗೊತ್ತು. ಮೊಮ್ಮಗ ಬಾಯಿ ಬಿಡಲಿ ಎಂದು ಕಾಯುತ್ತಾನೆ. ಪ್ರೀತಿಯಿಂದ ಸಾಕಿದ ಅದೇ ತಾತನ ಮುಂದೆ ಹೆನ್ರಿಗೆ ಒಂದು ಸಾಲು ಹೇಳಲು ಆಗುವುದಿಲ್ಲ. ಯಾರೂ ಗದರದ ಊರಿನಲ್ಲಿ ಅವನು ಯಾಕೆ ಅಷ್ಟು ಹೆದರುತ್ತಾನೆ?

ಮನಃಶಾಸ್ತ್ರದಲ್ಲಿ ಇದಕ್ಕೆ ‘ಮೈನಾರಿಟಿ ಸ್ಟ್ರೆಸ್’, ಅಂದರೆ ಅಲ್ಪಸಂಖ್ಯಾತರ ಒತ್ತಡ ಎಂಬ ವಿವರಣೆ ಇದೆ. ಇಲಾನ್ ಮೇಯರ್ ಎಂಬ ಸಂಶೋಧಕರು 2003ರಲ್ಲಿ ಪ್ರಕಟಿಸಿದ ಲೇಖನದಿಂದ ಇದು ಹೆಚ್ಚು ಪ್ರಸಿದ್ಧವಾಯಿತು. ಸಲಿಂಗಿಗಳಲ್ಲಿ ಖಿನ್ನತೆ, ಆತಂಕ ಹೆಚ್ಚಾಗಿ ಕಾಣುವುದಕ್ಕೆ ಕಾರಣ ಅವರ ಲೈಂಗಿಕತೆ ಅಲ್ಲ, ಸಮಾಜದಿಂದ ಬರುವ ಒತ್ತಡ ಎಂಬುದು ಅವರ ವಾದ. ಆ ಒತ್ತಡ ಹೊರಗಿನ ಬೈಗುಳ, ಹಲ್ಲೆಯಿಂದ ಮಾತ್ರ ಬರುವುದಿಲ್ಲ. ‘ನನ್ನನ್ನು ತಿರಸ್ಕರಿಸಿಬಿಟ್ಟರೆ?’ ಎಂಬ ನಿರೀಕ್ಷೆ, ಸದಾ ಮುಚ್ಚಿಟ್ಟುಕೊಳ್ಳುವ ಶ್ರಮ, ತನ್ನ ಬಗ್ಗೆ ತನಗೇ ಇರುವ ಅಸಹ್ಯ, ಇವೂ ಸೇರಿವೆ. ಚಿಕ್ಕಂದಿನಲ್ಲಿ ನಾಯಿ ಕಚ್ಚಿಸಿಕೊಂಡ ಮಗು ನಾಯಿಯಿಲ್ಲದ ಗೇಟನ್ನೂ ಬಳಸಿಕೊಂಡು ಹೋಗುತ್ತದಲ್ಲ, ಹಾಗೆ.

ಈ ಕಣ್ಣಿನಿಂದ ನೋಡಿದರೆ ‘ಬಿಗ್ ಈಡನ್’ ಒಂದು ಪ್ರಯೋಗದಂತಿದೆ. ಹೊರಗಿನ ದ್ವೇಷವನ್ನೆಲ್ಲ ತೆಗೆದುಬಿಟ್ಟರೆ ಏನು ಉಳಿಯುತ್ತದೆ? ಒಳಗೆ ಕೂತ ಭಯ ಉಳಿಯುತ್ತದೆ. ಇದೇ ಭಯದಿಂದ ಮನೆಯವರಿಗೆ ಹೇಳಲಾಗದೆ ವರ್ಷ ಕಳೆದವರಿಗೆ ಚಿತ್ರ ಆಪ್ತವಾಗುವುದು ಈ ಕಾರಣಕ್ಕೆ ಎಂದು ನಮಗನಿಸುತ್ತದೆ.

ಚಿತ್ರದ ದೋಷಗಳೂ ಇವೆ. 118 ನಿಮಿಷ ಸ್ವಲ್ಪ ಹೆಚ್ಚಾಯಿತು. ಪೈಕ್ ಅಮೆರಿಕದ ಮೂಲನಿವಾಸಿ. ಮೊಂಟಾನಾದಲ್ಲಿ ಆ ಜನರ ಬದುಕು ಸುಲಭದ್ದಲ್ಲ, ಕತೆ ಅದನ್ನು ಹೆಚ್ಚು ಮುಟ್ಟುವುದಿಲ್ಲ. ಪ್ರಣಯ ಮುತ್ತಿನಾಚೆ ಹೋಗುವುದಿಲ್ಲ ಎಂದು ಕೆಲವರಿಗೆ ಬೇಸರ. ಅಪ್ಪ ಅಮ್ಮನ ಜೊತೆ ಕೂತು ನೋಡಬಹುದು ಎಂಬ ಸಮಾಧಾನ ಇನ್ನು ಕೆಲವರಿಗೆ.

‘ಇಂಥದ್ದನ್ನು ನೋಡಿದರೆ ಮಕ್ಕಳು ಹಾಗೇ ಆಗುತ್ತಾರೆ’

ಸಲಿಂಗ ಪ್ರೇಮದ ಯಾವ ಸಿನಿಮಾ ಬಂದರೂ ಸುತ್ತುವ ಮಾತು ಇದು. ಸಿನಿಮಾ ನೋಡಿ ಯಾರ ಲೈಂಗಿಕ ಒಲವೂ ಬದಲಾಗುವುದಿಲ್ಲ. ಹಾಗೆ ಆಗುವುದಾದರೆ ಗಂಡು-ಹೆಣ್ಣಿನ ಪ್ರೇಮದ ಸಾವಿರಾರು ಸಿನಿಮಾ ನೋಡಿ ಬೆಳೆದ ದೇಶದಲ್ಲಿ ಒಬ್ಬ ಸಲಿಂಗಿಯೂ ಇರಬಾರದಿತ್ತು. ಸಲಿಂಗ ಒಲವು ಕಾಯಿಲೆಯೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ ಅದನ್ನು 1990ರಲ್ಲೇ ರೋಗಗಳ ಪಟ್ಟಿಯಿಂದ ಕೈಬಿಟ್ಟಿದೆ.

ಬದಲಾಗಬಹುದಾದದ್ದು ಬೇರೆ. ಅಮೆರಿಕದ ಮಿನ್ನೆಸೋಟಾ ವಿಶ್ವವಿದ್ಯಾಲಯದ ಎಡ್ವರ್ಡ್ ಶಿಯಾಪ್ಪ ಮತ್ತು ಸಂಗಡಿಗರು 2005ರ ಹೊತ್ತಿಗೆ, ತೆರೆಯ ಮೇಲಿನ ಪಾತ್ರಗಳ ಪರಿಚಯವೂ ನಿಜವಾದ ಪರಿಚಯದಂತೆ ಪೂರ್ವಗ್ರಹ ಕಡಿಮೆ ಮಾಡುತ್ತದೆಯೇ ಎಂದು ಪರೀಕ್ಷಿಸಿದರು. ‘ವಿಲ್ ಆ್ಯಂಡ್ ಗ್ರೇಸ್’ ಎಂಬ ಟಿವಿ ಧಾರಾವಾಹಿ ಹೆಚ್ಚು ನೋಡುವವರಲ್ಲಿ ಪೂರ್ವಗ್ರಹ ಕಡಿಮೆ ಇತ್ತು. ನಿಜಜೀವನದಲ್ಲಿ ಸಲಿಂಗಿಗಳ ಪರಿಚಯ ಕಡಿಮೆ ಇದ್ದವರಲ್ಲಿ ಈ ನಂಟು ಇನ್ನಷ್ಟು ಎದ್ದು ಕಂಡಿತು. ಮೊದಲೇ ಒಲವಿದ್ದವರೇ ಧಾರಾವಾಹಿ ನೋಡಿರಬಹುದಲ್ಲ ಎಂಬ ಸಂದೇಹಕ್ಕೆ ಇಲ್ಲಿ ಜಾಗವಿದೆ, ಆದ್ದರಿಂದ ‘ಸಿನಿಮಾ ಸಮಾಜ ಬದಲಿಸುತ್ತದೆ’ ಎಂದು ಫಾರ್ವರ್ಡ್ ಮಾಡಲು ಹೊರಡಬೇಡಿ.

ನಮಗೆ ಹೆಚ್ಚು ಇಷ್ಟವಾದ ಪಾತ್ರ ಊರಿಗೆಲ್ಲ ಜೋಡಿ ಹುಡುಕುವ ವಿಧವೆ ಥೇಯರ್. ಹೆನ್ರಿ ಬಂದ ಕೂಡಲೇ ಊರಿನ ಮದುವೆಯಾಗದ ಹೆಣ್ಣುಗಳನ್ನೆಲ್ಲ ಮನೆಗೆ ಕರೆದು ಪಾರ್ಟಿ ಮಾಡುತ್ತಾಳೆ. ಲೆಕ್ಕ ತಪ್ಪಿತು ಎಂದು ಗೊತ್ತಾದ ಮೇಲೆ ಪ್ರಶ್ನೆಯಿಲ್ಲ, ಉಪದೇಶವಿಲ್ಲ. ಮುಂದಿನ ಪಾರ್ಟಿಗೆ ಗಂಡಸರನ್ನು ಕರೆಯುತ್ತಾಳೆ.