ನೀಲಗಿರಿಯ ಕ್ಯಾಂಪಿಗೆ ಇಬ್ಬರು ಹಿರಿಯರು ಬೇಕಾಗಿದ್ದಾರೆ

ಗುಂಡ್ಲುಪೇಟೆ ಬಿಟ್ಟು ಬಂಡೀಪುರ, ಮುದುಮಲೆ ಕಾಡು ದಾಟಿ ಗೂಡಲೂರು ಘಾಟಿ ಹತ್ತಿದರೆ ಊಟಿ. ಅಲ್ಲಿಂದ ಕೂನೂರು ಕಡೆ ಇಳಿಯುವ ರಸ್ತೆಯಲ್ಲಿ ಕೆತ್ತಿ ಕಣಿವೆ ಸಿಗುತ್ತದೆ. ಕ್ಯಾರೆಟ್, ಬೀಟ್‌ರೂಟ್, ಕೋಸಿನ ಮೆಟ್ಟಿಲು ಹೊಲಗಳು, ನಡುನಡುವೆ ಬಡಗರ ಹಟ್ಟಿಗಳು, ಸುತ್ತ ಟೀ ತೋಟ. ಮೇಟುಪಾಳ್ಯದ ಮಂಡಿಗೆ ವ್ಯವಹಾರ ಇಟ್ಟುಕೊಂಡ ನಮ್ಮ ಚಾಮರಾಜನಗರ ಸೀಮೆಯ ತರಕಾರಿ ವ್ಯಾಪಾರಿಗಳಿಗೆ ಈ ಕಣಿವೆ ಹೊಸದೇನಲ್ಲ. ಆದರೆ ಇಲ್ಲಿ ಒಂದು ಕಾಲಕ್ಕೆ ಶಾಲೆಯ ಪಾಠ, ಚರ್ಚಿನ ಪ್ರಾರ್ಥನೆ ಎರಡೂ ಕನ್ನಡದಲ್ಲೇ ನಡೆಯುತ್ತಿದ್ದವು ಎಂಬುದು ಅವರಲ್ಲಿ ಎಷ್ಟು ಜನಕ್ಕೆ ಗೊತ್ತೋ!

ಜಾರ್ಜ್ ಕಾಸಮೇಜರ್ ಎಂಬ ಮದ್ರಾಸ್ ಸರ್ಕಾರದ ನಿವೃತ್ತ ಅಧಿಕಾರಿ ಕೆತ್ತಿಯಲ್ಲಿ ಬಂದು ನೆಲೆಸಿದ್ದ. 1846ರಲ್ಲಿ ಬಾಸೆಲ್ ಮಿಷನ್ನಿನವರು ಇಲ್ಲಿಗೆ ಬಂದರು. 1849ರಲ್ಲಿ ತೀರಿಕೊಂಡ ಕಾಸಮೇಜರ್ ತನ್ನ ಆಸ್ತಿಯನ್ನು ಅವರಿಗೇ ಬರೆದಿಟ್ಟ. ಮಂಗಳೂರು, ಧಾರವಾಡದ ಕಡೆ ಕೆಲಸ ಮಾಡುತ್ತಿದ್ದ ಈ ಮಿಷನ್ನಿಗೆ ಕನ್ನಡ ಬರುತ್ತಿತ್ತು, ಬಡಗರ ಮಾತು ಕನ್ನಡಕ್ಕೆ ತೀರಾ ಹತ್ತಿರ. ಹೀಗಾಗಿ ಬೆಟ್ಟದ ಮೇಲೂ ಕನ್ನಡ ಪುಸ್ತಕಗಳೇ ಬಂದವು. 1890ರಲ್ಲಿ ಲೂಕನ ಸುವಾರ್ತೆ ಬಡಗ ಮಾತಿನಲ್ಲೇ ಅಚ್ಚಾಯಿತು, ಅದೂ ಮಂಗಳೂರಿನಲ್ಲಿ. ಕಾಲಕ್ರಮೇಣ ಶಾಲೆಗೆ ತಮಿಳು ಬಂತು, ಶಾಲೆಯ ಹಿಂದೆ ಚರ್ಚಿಗೂ ಬಂತು. 1947ರಲ್ಲಿ ದಕ್ಷಿಣ ಭಾರತ ಸಭೆ, ಅಂದರೆ ಸಿಎಸ್‌ಐ, ಸ್ಥಾಪನೆಯಾಯಿತು. ಈಗ ನೀಲಗಿರಿಯ ಸಿಎಸ್‌ಐ ಸಭೆಗಳು ಕೊಯಮತ್ತೂರು ಡಯಾಸಿಸ್‌ಗೆ ಸೇರಿವೆ.

ಇಷ್ಟು ಹಳೆಯ ಕತೆ ಯಾಕೆ ಹೇಳಿದೆ ಎಂದರೆ, ಇದೇ ಬೆಟ್ಟದಲ್ಲಿ ಕೋಟಗಿರಿ ಬದಿಗೆ ಇರುವ ಒಂದು ಚರ್ಚ್ ಯುವಜನ ಕ್ಯಾಂಪಿನಲ್ಲಿ ನಾನೂ ನನ್ನ ಮನೆಯವರೂ ಒಂದೂವರೆ ವರ್ಷದಿಂದ ಇದ್ದೇವೆ. ಕ್ಯಾಂಪಿನ ಹೆಸರು ಬರೆಯಬೇಡಿ ಅಂತ ಕಮಿಟಿಯವರು ಹೇಳಿದ್ದಾರೆ. ಹೆಸರು ಬಂತೋ, ‘ರೂಮಿಗೆ ಎಷ್ಟು ಸಾರ್?’ ಎಂದು ಟೂರಿಸ್ಟ್‌ಗಳ ಫೋನು ಶುರು. ನಾನು ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್ ಆಗಿ ನಿವೃತ್ತನಾದವ, ಆಕೆ ಪ್ರೈಮರಿ ಶಾಲೆ ಮೇಡಂ. ಎರಡು ವರ್ಷದ ಸೇವೆ, ಸಂಬಳ ಇಲ್ಲ. ಇರೋಕೆ ಎರಡು ಕೋಣೆ, ಗ್ಯಾಸು, ಕರೆಂಟು ಕ್ಯಾಂಪಿನದು. ಊಟ ತಿಂಡಿ ನಮ್ಮ ಪೆನ್ಷನ್ನಿನದು.

ಅಮೆರಿಕದ ಯೂಟಾ ರಾಜ್ಯದಲ್ಲಿ ಮಾರ್ಮನ್ ಚರ್ಚಿನವರು ಇದನ್ನೇ ದೊಡ್ಡ ವ್ಯವಸ್ಥೆಯಾಗಿ ನಡೆಸುತ್ತಾರೆ. ಮಕ್ಕಳನ್ನು ದಡ ಸೇರಿಸಿದ ನಿವೃತ್ತ ದಂಪತಿಗಳು ‘ಸೀನಿಯರ್ ಮಿಷನರಿ’ಗಳಾಗಿ ಸ್ವಂತ ಖರ್ಚಿನಲ್ಲಿ ಸೇವೆಗೆ ಹೋಗುತ್ತಾರೆ. ಅಲ್ಲಿನ ಹೀಬರ್ ಕಣಿವೆಯ ದೊಡ್ಡ ಯುವಜನ ಕ್ಯಾಂಪಿನಲ್ಲಿ ರಿಪೇರಿ, ಶುಚಿ ಕೆಲಸಕ್ಕೆ ಇಂಥ ಹಿರಿಯರೇ ನಿಲ್ಲುತ್ತಾರೆ. ಮಿಷನರಿ ಎಂದರೆ ಬೈಬಲ್ ಹಿಡಿದು ಬೋಧನೆ ಮಾಡುವವ ಎಂದಷ್ಟೇ ನಮ್ಮಲ್ಲಿ ತಿಳಿದಿದ್ದಾರೆ. ಸ್ಪ್ಯಾನರ್ ಹಿಡಿದವನನ್ನು ಯಾರೂ ಹಾಗೆ ಕರೆಯುವುದಿಲ್ಲ. ಕ್ಯಾಂಪಿಗೆ ಬರುವ ಮಕ್ಕಳು ನನ್ನನ್ನು ಕರೆಯುವುದು ‘ಮೋಟಾರ್ ತಾತ’ ಅಂತ!

ಬೆಳಗಿನ ಕೆಲಸ ನೀರಿನದು. ಮೇಲಿನ ಶೋಲಾ ಕಾಡಿನ ಅಂಚಿನಲ್ಲಿ ಒಂದು ಊಟೆ ಇದೆ. ಅಲ್ಲಿಂದ ಪೈಪಿನಲ್ಲಿ ನೀರು ತನ್ನಷ್ಟಕ್ಕೆ ಇಳಿದು ಐದು ಸಾವಿರ ಲೀಟರಿನ ಟ್ಯಾಂಕಿಗೆ ಬೀಳುತ್ತದೆ. ಎಲೆ, ಕಸ ಬಂದು ಜಾಲರಿ ಕಟ್ಟಿಕೊಂಡರೆ ನೀರು ನಿಂತಿತು. ಮಳೆಗಾಲದಲ್ಲಿ ದಿನಾ ಹತ್ತಿ ಬಿಡಿಸಬೇಕು, ಕಾಲಿಗೆ ಜಿಗಣೆ ಗ್ಯಾರಂಟಿ. ಕ್ಯಾಂಪ್ ಇರುವ ದಿನಗಳಲ್ಲಿ ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹಾಕುತ್ತೇವೆ. ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಸುಮಾರು ಲೆಕ್ಕ, ನಮ್ಮ ಟ್ಯಾಂಕಿಗೆ ಹನ್ನೆರಡು ಹದಿಮೂರು ಗ್ರಾಂ. ಬಕೆಟ್ಟಿನಲ್ಲಿ ಕದಡಿ, ಸುಣ್ಣ ತಳಕ್ಕೆ ಕೂತ ಮೇಲೆ ತಿಳಿಯನ್ನಷ್ಟೇ ಟ್ಯಾಂಕಿಗೆ ಸುರಿದು ಒಂದು ಗಂಟೆ ಬಿಡಬೇಕು. ಪೌಡರ್ ಹಳೆಯದಾದರೆ ಸತ್ವ ಹೋಗಿರುತ್ತದೆ, ಮುಚ್ಚಳ ತೆಗೆದಿಟ್ಟ ಡಬ್ಬಿಯದು ಹಾಕಿದರೂ ಒಂದೇ, ಬಿಟ್ಟರೂ ಒಂದೇ. ತೋಟದ ಮನೆಯಲ್ಲಿ ಬಾವಿ ನೀರು ಕುಡಿಯುವ ರೈತರು ಇದನ್ನು ಗಮನಿಸಬೇಕು.

ದೊಡ್ಡ ಹಾಲಿನ ಮಾಡಿಗೆ ಮಂಗಳೂರು ಹೆಂಚು. ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದ್ದು 1865ರಲ್ಲಿ. ಈಗ ನಮಗೆ ಹೊಸ ಹೆಂಚು ಸಿಕ್ಕರೂ ಅಚ್ಚು ಹೊಂದುವುದಿಲ್ಲ, ಕಿವಿ ಕಚ್ಚಿಕೊಳ್ಳುವುದಿಲ್ಲ. ಹಳೆ ಮನೆ ಕೆಡವುತ್ತಾರೆ ಎಂದು ಎಲ್ಲಾದರೂ ಸುದ್ದಿ ಬಂದರೆ ಜೀಪು ತಗೊಂಡು ಓಡುವುದೇ. ಒಡೆಯುವ ಕೆಲಸ ಮಾತ್ರ ಕೋತಿಗಳು ಪುಕ್ಕಟೆಯಾಗಿ ಮಾಡಿಕೊಡುತ್ತವೆ.

ಕೋತಿಯದು ತಮಾಷೆ, ಕರಡಿಯದು ಅಲ್ಲ. ಕೋಟಗಿರಿ ಸುತ್ತ ಕರಡಿಗಳು ಎಣ್ಣೆ, ಬೆಲ್ಲದ ವಾಸನೆಗೆ ಅಡುಗೆಮನೆಯ ಬಾಗಿಲು ಮುರಿದು ನುಗ್ಗುವುದುಂಟು. ನಮ್ಮಲ್ಲಿ ಎಣ್ಣೆ ಡಬ್ಬ ಕಬ್ಬಿಣದ ಪೆಟ್ಟಿಗೆಯಲ್ಲಿ. ಮಿಕ್ಕಿದ ಅನ್ನ ಕತ್ತಲಾಗುವ ಮೊದಲೇ ಗುಂಡಿಗೆ, ಮೇಲೆ ಮಣ್ಣು. ಕಾಡೆಮ್ಮೆ ಟೀ ತೋಟದಿಂದ ನೇರ ಆಟದ ಮೈದಾನಕ್ಕೆ ಬರುತ್ತದೆ. ಬೆಂಗಳೂರಿನ ಮಕ್ಕಳಿಗೆ ಅದೊಂದು ಫೋಟೋ. ‘ಹತ್ತಿರ ಹೋಗಬೇಡ್ರಪ್ಪ, ಅದು ಹಸು ಅಲ್ಲ’ ಎಂದು ದಿನಕ್ಕೆ ಹತ್ತು ಸಲ ಕೂಗುವುದು ನನ್ನ ಮನೆಯವರ ಡ್ಯೂಟಿ. ಮೂವತ್ತು ವರ್ಷ ಮೂರನೇ ಕ್ಲಾಸು ನಡೆಸಿದ ಗಂಟಲು, ಕಾಡೆಮ್ಮೆಯೇ ಸರಿದು ಹೋಗುತ್ತದೆ!

ಮರದ ಭಯ

ಬೆಟ್ಟದವರು ಮಳೆ ಎಂದರೆ ಇಂದಿಗೂ 2009ನ್ನು ನೆನೆಯುತ್ತಾರೆ. ಆ ವರ್ಷ ನವೆಂಬರ್ 10ರಂದು ಕೆತ್ತಿಯಲ್ಲಿ ಒಂದೇ ದಿನ 82 ಸೆಂಟಿಮೀಟರ್ ಮಳೆ ದಾಖಲಾಯಿತು. ಗುಡ್ಡಗಳು ಜಾರಿ ಮನೆಗಳು ಹೂತುಹೋದವು, ಜಿಲ್ಲೆಯಲ್ಲಿ ಎಷ್ಟೋ ಜನ ಸತ್ತರು. ಈಶಾನ್ಯ ಮಾರುತ ಹಿಡಿದರೆ ಈ ಪೂರ್ವದ ಇಳಿಜಾರಿಗೇ ಹೊಡೆತ ಹೆಚ್ಚು.

ನಮ್ಮ ಕ್ಯಾಂಪಿನ ಸುತ್ತ ವ್ಯಾಟಲ್ ಮರಗಳಿವೆ. ತೊಗಟೆ, ಸೌದೆಗೆಂದು ಹಿಂದಿನವರು ನೆಟ್ಟದ್ದು. ಬೇರು ಆಳಕ್ಕೆ ಹೋಗುವುದಿಲ್ಲ. ನೆಲ ನೆನೆದು ಗಾಳಿ ಬಂದರೆ ಬುಡಸಮೇತ ಮಲಗುತ್ತವೆ. ಹೋದ ನವೆಂಬರಿನಲ್ಲಿ ರಾತ್ರಿ ಎರಡು ಗಂಟೆಗೆ ಒಂದು ಮರ ಹುಡುಗರ ಬಚ್ಚಲುಮನೆ ಮೇಲೆ ಬಿತ್ತು, ಜೊತೆಗೆ ಕರೆಂಟಿನ ವೈರನ್ನೂ ಎಳೆದುಕೊಂಡಿತ್ತು. ಆ ದಿನ ಕ್ಯಾಂಪ್ ಇರಲಿಲ್ಲ. ಮೇನ್ ಆಫ್ ಮಾಡಿ, ಬೆಳಗಾಗುವ ತನಕ ಇಬ್ಬರೂ ಟಾರ್ಚ್ ಹಿಡಿದು ಕೂತೆವು. ಮೂರು ದಿನ ಮುಂಚೆ ಅದೇ ಬಚ್ಚಲುಮನೆಯಲ್ಲಿ ಇಪ್ಪತ್ತೆರಡು ಹುಡುಗರು ಸ್ನಾನ ಮಾಡಿ ಹೋಗಿದ್ದರು.

ಹಾಗಾದರೆ ಕಡಿದು ಹಾಕಿ ಅನ್ನಬಹುದು. 1955ರ ತಮಿಳುನಾಡು ಗುಡ್ಡಗಾಡು ಮರ ಸಂರಕ್ಷಣಾ ಕಾಯ್ದೆ ಇರುವುದರಿಂದ ಸ್ವಂತ ಜಾಗದ ಮರಕ್ಕೂ ಅನುಮತಿ ಬೇಕು. ಕಾನೂನು ಸರಿಯೇ, ಅದಿಲ್ಲದಿದ್ದರೆ ಬೆಟ್ಟ ಎಂದೋ ಬೋಳಾಗುತ್ತಿತ್ತು. ಆದರೆ ಅಪಾಯದ ಮರ ಯಾವುದು ಎಂದು ನೋಡಿ ಹೇಳಲು ಯಾರಾದರೂ ಬರಬೇಕಲ್ಲ? ಅರ್ಜಿ ಕೊಟ್ಟು, ಫೋಟೋ ಕೊಟ್ಟು, ಮತ್ತೆ ಹೋಗಿ ಕೇಳಿ, ಹನ್ನೊಂದು ಮರದಲ್ಲಿ ನಾಲ್ಕಕ್ಕೆ ಅನುಮತಿ ಸಿಕ್ಕಿದೆ. ಮಿಕ್ಕ ಏಳರ ಕೆಳಗೆ ಮಕ್ಕಳು ಹೋಗದಂತೆ ತಂತಿ ಬಿಗಿದಿದ್ದೇನೆ.

ಕರೆಂಟಿನ ವಿಷಯ ನನ್ನ ಕಸುಬಿನದಾದ್ದರಿಂದ ಒಂದು ಮಾತು ಹೆಚ್ಚು ಹೇಳುತ್ತೇನೆ. ಇಂಥ ಜಾಗಗಳಲ್ಲಿ ಗೀಸರ್ ಹಾಕುತ್ತಾರೆ, ಅರ್ಥಿಂಗ್ ನೋಡುವುದಿಲ್ಲ. ನಾವು ಬಂದಾಗ ಅರ್ಥ್ ಗುಂಡಿ ಎಲ್ಲಿದೆ ಎಂದೇ ಯಾರಿಗೂ ಗೊತ್ತಿರಲಿಲ್ಲ. ಲಂಟಾನ ಪೊದೆಯೊಳಗೆ ಸಿಕ್ಕಿತು. ಹೊಸದಾಗಿ ಇದ್ದಿಲು, ಉಪ್ಪು ತುಂಬಿಸಿದೆ. ಬೇಸಿಗೆಯಲ್ಲಿ ವಾರಕ್ಕೊಮ್ಮೆ ಎರಡು ಕೊಡ ನೀರು ಹುಯ್ಯುತ್ತೇನೆ. ಸ್ನಾನದ ಮನೆಗಳಿಗೆ ಶಾಕ್ ತಡೆಯುವ ಬ್ರೇಕರ್ ಹಾಕಿಸಿದ್ದಾಗಿದೆ. ಕಮಿಟಿಯವರು ಖರ್ಚು ನೋಡಿ ಮುಖ ಸಿಂಡರಿಸಿದರು, ಆದರೆ ಕೊಟ್ಟರು.

ಕ್ಯಾಂಪ್ ತುಂಬುವುದು ಏಪ್ರಿಲ್, ಮೇ ರಜೆಯಲ್ಲಿ. ದಸರಾ ರಜೆಗೆ ಮೈಸೂರು, ಚಾಮರಾಜನಗರ ಕಡೆಯ ತಂಡಗಳು. ಅವರಿಗೆ ಮೊದಲೇ ಹೇಳಿಡಬೇಕು: ಬಂಡೀಪುರದ ರಸ್ತೆ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಬಂದ್, 2009ರಿಂದ ಹೀಗೇ. 2024ರ ಮೇ ತಿಂಗಳಿಂದ ನೀಲಗಿರಿಗೆ ಬರುವ ಗಾಡಿಗಳಿಗೆ ಇ-ಪಾಸ್ ಬೇರೆ. ಪ್ಲಾಸ್ಟಿಕ್ ನೀರಿನ ಬಾಟಲಿ ತಂದರೆ ಚೆಕ್‌ಪೋಸ್ಟಿನಲ್ಲೇ ಹೋಯಿತು.

ಪಾಠ, ಹಾಡು, ಆಟ ಯಾವುದೂ ನಮ್ಮದಲ್ಲ, ಅದಕ್ಕೆ ಯುವ ಪಾದ್ರಿಗಳಿದ್ದಾರೆ. ನಮ್ಮದು ಹಾಸಿಗೆ ಬಿಸಿಲಿಗೆ ಹಾಕುವುದು, ಕಂಬಳಿ ಎಣಿಸುವುದು, ಸೆಪ್ಟಿಕ್ ಟ್ಯಾಂಕ್ ತುಂಬುವ ಮುಂಚೆ ಗಾಡಿ ಕರೆಸುವುದು. ಆದರೂ ಸಂಜೆ ಮೊಬೈಲ್ ಸಿಗ್ನಲ್ ಸಿಗದೆ ಮಂಕಾದ ಹುಡುಗನೊಬ್ಬ ನನ್ನ ಜೊತೆ ಪೈಪಿಗೆ ನೂಲು ಸುತ್ತಲು ಕೂತರೆ, ಪಾದ್ರಿಗೆ ಹೇಳದ್ದನ್ನು ನನಗೆ ಹೇಳುತ್ತಾನೆ. ಅಪ್ಪನ ಕುಡಿತ, ಫೇಲಾದ ಪರೀಕ್ಷೆ, ಬಿಡಲಾರದ ಊರು. ಕೈ ಕೆಲಸದಲ್ಲಿರುವಾಗ ಮುಖ ನೋಡಬೇಕಾಗಿಲ್ಲ ನೋಡಿ, ಮಾತು ಸಲೀಸು.

ಕನ್ನಡದ ಅಲಮಾರು

ಹಾಲಿನ ಮೂಲೆಯಲ್ಲಿ ಒಂದು ಅಲಮಾರು. ಒಳಗೆ ಹಳೆಯ ಕನ್ನಡ ಬೈಬಲ್, ಕನ್ನಡ ಹಾಡಿನ ಪುಸ್ತಕಗಳು, ಅಂಚೆಲ್ಲ ಹುಳ ತಿಂದಿವೆ. ನನ್ನ ಮನೆಯವರು ಅವನ್ನು ಒಂದೊಂದೇ ಒರೆಸಿ, ಬೇವಿನ ಎಲೆ ಇಟ್ಟು, ಬಟ್ಟೆಯಲ್ಲಿ ಕಟ್ಟಿದರು. ಪಕ್ಕದ ಹಟ್ಟಿಯಿಂದ ಎಂಬತ್ತು ದಾಟಿದ ಬಡಗ ಅಜ್ಜಿಯೊಬ್ಬರು ಭಾನುವಾರ ಆರಾಧನೆಗೆ ಬರುತ್ತಾರೆ. ಅಲ್ಲಿ ನಡೆಯುವುದೆಲ್ಲ ತಮಿಳು. ಒಮ್ಮೆ ಈ ಪುಸ್ತಕ ತೋರಿಸಿದಾಗ ಅಜ್ಜಿಗೆ ಅಕ್ಷರ ಓದಲು ಬರಲಿಲ್ಲ. ಆದರೆ ಆಕೆ ಮೊದಲ ಸಾಲು ಓದಿದ್ದೇ ತಡ, ಮುಂದಿನದ್ದನ್ನು ಅಜ್ಜಿ ತಾವೇ ಹಾಡಿದರು. ತಾಯಿಯಿಂದ ಕಲಿತದ್ದಂತೆ. ಆಮೇಲೆ ನಮ್ಮ ಅಡುಗೆಮನೆಯಲ್ಲಿ ರಾಗಿಮುದ್ದೆ ಉಂಡರು, ತಮ್ಮ ಮಾತಿನಲ್ಲಿ ಏನೇನೋ ಹೇಳಿದರು. ಅರ್ಧಕ್ಕಿಂತ ಹೆಚ್ಚು ನಮಗೆ ತಿಳಿಯಿತು, ಮಿಕ್ಕದ್ದಕ್ಕೆ ತಮಿಳು ಇತ್ತು.

ಬರುವ ಮೇ ಕೊನೆಗೆ ನಮ್ಮ ಎರಡು ವರ್ಷ ಮುಗಿಯುತ್ತದೆ. ನನ್ನ ಮೊಣಕಾಲು ಇನ್ನೊಂದು ಮಳೆಗಾಲ ಆ ಊಟೆಯವರೆಗೆ ಹತ್ತುವಂತಿಲ್ಲ. ನಮ್ಮ ನಂತರ ಯಾರೂ ಒಪ್ಪಿಕೊಂಡಿಲ್ಲ. ಯಾರೂ ಸಿಗದಿದ್ದರೆ ಜಾಗವನ್ನು ರೆಸಾರ್ಟ್ ನಡೆಸುವವರಿಗೆ ಲೀಸ್ ಕೊಡೋಣ ಎಂಬ ಮಾತು ಕಮಿಟಿಯಲ್ಲಿ ಎರಡು ಸಲ ಬಂದಿದೆ. ಅವರನ್ನು ದೂರಲಾರೆ, ಮಾಡು ಸೋರಿದರೆ ದುಡ್ಡು ಬೇಕು. ಆದರೆ ಈಗ ದಿನಕ್ಕೆ ಊಟದ ಖರ್ಚಷ್ಟೇ ಕೊಟ್ಟು ಬರುವ ತಾಳವಾಡಿ, ಗುಂಡ್ಲುಪೇಟೆಯ ಹುಡುಗರು ಆಮೇಲೆ ಆ ಗೇಟಿನ ಒಳಗೆ ಬರಲಾರರು.

ಕೆಲಸಕ್ಕೆ ಓದು ಬೇಕಿಲ್ಲ. ಪ್ಲಂಬಿಂಗ್ ಅಥವಾ ವೈರಿಂಗ್ ಸ್ವಲ್ಪ ಗೊತ್ತಿರಬೇಕು, ಚಳಿ ತಡೆಯಬೇಕು, ಕನ್ನಡದ ಜೊತೆ ಹರಕುಮುರುಕು ತಮಿಳು ಬಂದರೆ ಸಾಕು. ಗಡಿನಾಡಿನ ನಮ್ಮ ರೈತರಿಗೆ ಇವೆಲ್ಲ ಇದ್ದೇ ಇರುತ್ತವೆ. ಮನಸ್ಸಿರುವ ದಂಪತಿಗಳು ತಮ್ಮ ಸಭೆಯ ಪಾದ್ರಿಗಳ ಮೂಲಕ ವಿಚಾರಿಸಬಹುದು. ಏಪ್ರಿಲ್‌ನ ಗದ್ದಲ ಶುರುವಾಗುವ ಮೊದಲೇ ಬಂದರೆ ಒಳ್ಳೆಯದು. ಊಟೆಯಿಂದ ಪೈಪು ಎಲ್ಲೆಲ್ಲಿ ಹೋಗಿದೆ, ವಾಲ್ವ್ ಯಾವ ಕಲ್ಲಿನ ಕೆಳಗಿದೆ ಎಂಬುದಕ್ಕೆ ನಕ್ಷೆ ಇಲ್ಲ, ಜೊತೆಗೆ ನಡೆದೇ ತೋರಿಸಬೇಕು.